ಚಿಲಿಗೆ ಹೊರಟ ಚಕ್ಕೋತ

ಹೋದ ವಾರ ದೇವನಹಳ್ಳಿಯ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ತಳ್ಳುಗಾಡಿಯ ಹೆಂಗಸೊಬ್ಬಳು ಚಕ್ಕೋತ ಸುಲಿಯುತ್ತಿದ್ದಳು. ಚಾಕುವಿನಿಂದ ಸಿಪ್ಪೆಗೆ ಗೀರು ಹಾಕಿ, ಎರಡು ಹೆಬ್ಬೆರಳು ತೂರಿಸಿ ಎಳೆದಾಗ ಆ ವಾಸನೆ ಬಂತು. ನಿಂಬೆಯದಲ್ಲ, ಕಿತ್ತಳೆಯದೂ ಅಲ್ಲ. ಸ್ವಲ್ಪ ಕಹಿ, ಮಳೆ ನಿಂತ ಮೇಲಿನ ಗಾಳಿಯಷ್ಟು ಶುಚಿ. ನಾನು ಹತ್ತಬೇಕಿದ್ದ ಬಸ್ಸು ಹೊರಟೇ ಹೋಯಿತು. ನಿಂತುಕೊಂಡೇ ಎರಡು ತೊಳೆ ತಿಂದೆ, ಉಪ್ಪುಖಾರ ಬೇಡವೆಂದೆ. ನನ್ನ ಪಾಲಿಗೆ ಆ ವಾಸನೆ ಒಂದೇ ಒಂದು ವರ್ಷದ್ದು. ಈ ತಾಲ್ಲೂಕಿನ ಹಣ್ಣೊಂದರ ತೊಟ್ಟಿನ ಬಗ್ಗೆ ಎರಡು ದೇಶಗಳು ಬರೆದುಕೊಂಡ ಕಾಗದಗಳು ನನ್ನ ಕೈಗೆ ಬಂದ ವರ್ಷದ್ದು.

ಆಗ ನಾನು ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ರಸ್ತೆಯ ಪ್ಯಾಕ್‌ಹೌಸೊಂದರಲ್ಲಿ ಕೆಲಸಕ್ಕಿದ್ದೆ. ಹೊರದೇಶಕ್ಕೆ ಹೋಗುವ ಹಣ್ಣು ತರಕಾರಿಗಳನ್ನು ತೊಳೆದು, ಆರಿಸಿ, ಪೆಟ್ಟಿಗೆಗೆ ತುಂಬುವ ಜಾಗ ಅದು. ಸಸ್ಯಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿದ್ದೇನೆಂದು ನನಗೆ ಹುಳ ಹುಡುಕುವ ಕೆಲಸ ಕೊಟ್ಟಿದ್ದರು. ಸಾಸಲಿನ ಕಡೆಯ ನಮ್ಮೂರಲ್ಲಿ ಯಾರಾದರೂ ಕೇಳಿದರೆ ನಮ್ಮತ್ತೆ, "ನಮ್ ವೇಣಿ ಏರ್‌ಪೋರ್ಟ್ ತಾವ ಆಫೀಸರು" ಎನ್ನುತ್ತಿದ್ದರು. ಆ ಆಫೀಸರಿನ ಕೈಯಲ್ಲಿದ್ದದ್ದು ಒಂದು ಭೂತಗನ್ನಡಿ, ಒಂದು ಸಣ್ಣ ಕುಂಚ, ದಿನಕ್ಕೊಂದು ಹಾಳೆ.

ಮುಂಗಾರು ಶುರುವಾದ ಹೊತ್ತಿಗೆ ಮ್ಯಾನೇಜರ್ ಪ್ರಕಾಶ್ ನಮ್ಮನ್ನೆಲ್ಲ ಕೂರಿಸಿಕೊಂಡು ಸುದ್ದಿ ಹೇಳಿದರು. ನಮ್ಮ ದೇಶಕ್ಕೂ ಚಿಲಿ ದೇಶಕ್ಕೂ ವ್ಯಾಪಾರದ ಮಾತುಕತೆ ನಡೆದಿದೆ. ಅವರ ಹಣ್ಣುಗಳು ಇಲ್ಲಿಗೆ ಬರುತ್ತವೆ, ಬದಲಿಗೆ ನಮ್ಮವು ಕೆಲವನ್ನು ಅವರು ಒಳಗೆ ಬಿಟ್ಟುಕೊಳ್ಳುತ್ತಾರೆ. ಆ ಪಟ್ಟಿಯ ಕಟ್ಟಕಡೆಯಲ್ಲಿ ಚಕ್ಕೋತ ಇದೆ. ಮೊದಲಿಗೆ ಪರೀಕ್ಷೆಗೆಂದು ನೂರು ಪೆಟ್ಟಿಗೆ. ಅದು ಸರಿಹೋದರೆ ದಾರಿ ತೆರೆದ ಹಾಗೆ, ಕೆಟ್ಟರೆ ಮುಚ್ಚಿದ ಹಾಗೆ.

ಜೊತೆಗೆ ಒಂದು ದಪ್ಪ ಫೈಲನ್ನು ನನ್ನ ಕೈಗಿಟ್ಟು ಓದಿಕೊಳ್ಳಲು ಹೇಳಿದರು. ಎರಡು ಸರ್ಕಾರಗಳು ವರ್ಷಗಟ್ಟಲೆ ಬರೆದುಕೊಂಡ ಪತ್ರಗಳ ನಕಲು. ಎಷ್ಟು ಮರ್ಯಾದೆಯ ಭಾಷೆ ಅದು. ದೆಹಲಿಯ ಯಾರೋ ಅಧಿಕಾರಿ, ಭೂಮಿಯ ಆ ತುದಿಯ ಇನ್ಯಾರೋ ಅಧಿಕಾರಿ, ಒಬ್ಬರ ಮುಖ ಒಬ್ಬರು ನೋಡಿದ್ದರೋ ಇಲ್ಲವೋ, ಈ ಹಣ್ಣಿನ ತೊಟ್ಟಿನ ಬುಡದಲ್ಲಿ ಹಿಟ್ಟುತಿಗಣೆ ಅಡಗುತ್ತದೆಯೇ ಎಂದು ಪರಸ್ಪರ ವಂದಿಸಿ ಕೇಳಿಕೊಂಡಿದ್ದರು. ಹಿಟ್ಟುತಿಗಣೆ ಎಂದರೆ ಮೈಮೇಲೆ ಹಿಟ್ಟು ಉದುರಿಸಿದ ಹಾಗೆ ಕಾಣುವ ಬಿಳಿ ಹುಳ, ಸಾಸಿವೆಗಿಂತ ಸ್ವಲ್ಪ ದೊಡ್ಡದು. ನಮ್ಮ ಹಿತ್ತಲಿನ ದಾಸವಾಳದಲ್ಲೂ ಇದೆ, ಯಾರೂ ಅದಕ್ಕೆ ಬೆಲೆ ಕೊಟ್ಟವರಲ್ಲ. ಅಂಥ ಹುಳಕ್ಕಾಗಿ ಎರಡು ರಾಜಧಾನಿಗಳು ಎಚ್ಚರವಾಗಿರುವುದನ್ನು ಓದುತ್ತಾ ನನಗೆ ಮೈ ಜುಮ್ಮೆಂದಿತು.

ಹಣ್ಣು ಕೊಡುತ್ತಿದ್ದವರು ದೇವನಹಳ್ಳಿ ತಾಲ್ಲೂಕಿನದೇ ಚನ್ನರಾಯಪಟ್ಟಣದ ಕಡೆಯ ಪಿಳ್ಳಪ್ಪ. ಅವರಪ್ಪ ನೆಟ್ಟ ಚಕ್ಕೋತದ ಮರಗಳು, ಇಪ್ಪತ್ತಮೂರು. ಸುತ್ತಮುತ್ತಲ ತೋಟಗಳು ಲೇಔಟಾಗಿ, ರಸ್ತೆಯಾಗಿ ಹೋಗಿದ್ದವು. "ಈ ಮುದಿ ಮರ ಇಟ್ಕಂಡು ಏನ್ ಮಾಡ್ತೀಯಾ" ಎಂದು ಕೇಳದವರಿಲ್ಲ. ಪಿಳ್ಳಪ್ಪ ಜವಾಬು ಕೊಡುವವರಲ್ಲ, ಮಾತೇ ಕಡಿಮೆ. ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ಒಂದು ಸಲ ಕತ್ತೆತ್ತಿ ನೋಡಿ, ಮುಖ ಗಂಟಿಕ್ಕಿ ಕೆಲಸಕ್ಕೆ ತಿರುಗುತ್ತಿದ್ದರು.

ಜುಲೈನಲ್ಲಿ ಅವರ ತೋಟಕ್ಕೆ ಚಿಲಿಯ ರಾಯಭಾರ ಕಚೇರಿಯ ಒಬ್ಬ ಅಧಿಕಾರಿ ಬಂದರು. ಮುಂದೆ ಪುಟ್ಟ ಬಾವುಟ ಸಿಕ್ಕಿಸಿದ ಕಪ್ಪು ಕಾರು ಓಣಿಯ ಕೆಸರಿನಲ್ಲಿ ಹೂತುಕೊಂಡು ಕುಳಿತಿತು. ಅಧಿಕಾರಿ ಮಿರುಗುವ ಬೂಟಿನಲ್ಲೇ ಇಳಿದು ರಾಗಿ ಹೊಲದ ಬದುವಿನ ಮೇಲೆ ನಡೆದರು. ಪಿಳ್ಳಪ್ಪ ಒಂದು ಹಣ್ಣು ಕಿತ್ತು, ಸುಲಿದು, ಕೆಂಪು ತೊಳೆಗಳನ್ನು ಬಾಳೆಲೆಯ ಮೇಲಿಟ್ಟು ಎರಡೂ ಕೈಯಿಂದ ಕೊಟ್ಟರು. ಆತ ಒಂದು ತೊಳೆ ತಿಂದರು, ಇನ್ನೊಂದು ತಿಂದರು, ಆಮೇಲೆ ಎಲೆಯನ್ನು ಖಾಲಿ ಮಾಡಿಯೇ ಮಾತಾಡಿದ್ದು. ಕಾರನ್ನು ನಾಲ್ಕು ಜನ ನೂಕಿ ಮೇಲೆತ್ತಿದರು. ಎಲ್ಲ ಹೋದ ಮೇಲೆ ಪಿಳ್ಳಪ್ಪ ನನ್ನ ಹತ್ತಿರ ಬಂದರು.

"ವೇಣಮ್ಮ, ಆ ಬಾವುಟ ಅವ್ರ್ ದೇಸದ್ದಾ?"

"ಹೌದು ಪಿಳ್ಳಪ್ಪಣ್ಣ."

"ನಮ್ಮಪ್ಪನ್ ತೋಟದಾಗ್ ಬಂದು ನಿಂತಿತ್ತಲ್ಲವ್ವ" ಎಂದು, ಕಾರಿನ ಗಾಲಿ ಕೊರೆದ ಗುಂಡಿಯನ್ನು ಬಹಳ ಹೊತ್ತು ನೋಡುತ್ತಾ ನಿಂತರು. ಆ ಗುಂಡಿಯನ್ನು ಅವರು ಆ ಮಳೆಗಾಲವೆಲ್ಲ ಮುಚ್ಚಲಿಲ್ಲ.

ಸೆಪ್ಟೆಂಬರಿನಲ್ಲಿ ಇನೇಸ್ ಬಂದರು. ಚಿಲಿ ಸರ್ಕಾರ ಕಳಿಸಿದ ತಪಾಸಣೆಯ ಅಧಿಕಾರಿ. ಹಣ್ಣು ಹೊರಡುವವರೆಗೂ ನಮ್ಮ ಪ್ಯಾಕ್‌ಹೌಸಿನಲ್ಲೇ ಇದ್ದು ಪ್ರತಿಯೊಂದು ಹಣ್ಣನ್ನೂ ನೋಡಿ ಒಪ್ಪಬೇಕಾದವರು. ಯಾರೋ ಬಿಗುವಿನ ದೊರೆಸಾನಿ ಬರುತ್ತಾಳೆಂದು ನಾವು ಕಾದಿದ್ದರೆ, ಇಳಿದವರು ಐವತ್ತು ದಾಟಿದ, ಕುಳ್ಳಗಿನ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ ಹೆಂಗಸು. ನಮ್ಮ ಪ್ಯಾಕಿಂಗಿನ ಹೆಂಗಸರಿಗೆಲ್ಲ ಹಿರಿಯಳಾದ ಮುನಿಯಕ್ಕ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಮ್ಮಂಗೇ ಅವ್ಳೆ ಕಣೇ" ಎಂದು ತೀರ್ಪು ಕೊಟ್ಟರು. ಮಾರನೇ ದಿನದಿಂದ ಅವರು ಎಲ್ಲರಿಗೂ ಇನೇಸಮ್ಮ.

ಚಿಲಿ ಎಲ್ಲಿದೆ ಎಂದು ಮೊದಲ ದಿನವೇ ಮುನಿಯಕ್ಕ ಕೇಳಿಸಿದರು. ಇನೇಸ್‌ಗೆ ಬರುತ್ತಿದ್ದದ್ದು ಅವರ ಭಾಷೆ, ಜೊತೆಗೆ ನಿಧಾನದ ಇಂಗ್ಲಿಷು, ನಡುವೆ ನಾನು. ಅವರು ಮೇಜಿನ ಮೇಲಿದ್ದ ಚಕ್ಕೋತವೊಂದನ್ನು ಎತ್ತಿಕೊಂಡು ಪೆನ್ನಿನಿಂದ ಒಂದು ಚುಕ್ಕಿ ಇಟ್ಟರು. "ಇದು ನೀವು." ಹಣ್ಣನ್ನು ತಿರುಗಿಸಿದರು, ತಿರುಗಿಸಿದರು, ಮೊದಲ ಚುಕ್ಕಿ ಕಾಣದಾದ ಮೇಲೆ ಕೆಳಗಡೆ ಇನ್ನೊಂದು ಇಟ್ಟರು. "ಇದು ನಾವು." ಅಲ್ಲಿ ಈಗ ಚಳಿಗಾಲ ಮುಗಿದು ಹೂ ಬಿಡುವ ಕಾಲ, ಡಿಸೆಂಬರಿನಲ್ಲಿ ಬೇಸಿಗೆ. ನಡುಮಧ್ಯಾಹ್ನ ಸೂರ್ಯ ಉತ್ತರಕ್ಕಿರುತ್ತಾನೆ, ಅದಕ್ಕೇ ಬಿಸಿಲು ಬೇಕೆನ್ನುವವರು ಉತ್ತರಕ್ಕೆ ಕಿಟಕಿ ಇಡುತ್ತಾರೆ ಎಂದರು.

ಮುನಿಯಕ್ಕ ಇದನ್ನೆಲ್ಲ ಕೇಳಿಸಿಕೊಂಡು, "ಹಂಗಾರೆ ದ್ಯಾವ್ರುನ್ನ ಯಾವ್ ಕಡೀಕ್ ಮಕ ಮಾಡಿ ಮಡಗ್ತಾರಂತೆ, ಕೇಳು" ಎಂದರು. ಇನೇಸ್‌ಗೆ ಹೇಳಿದೆ. ಅವರು ನಗಲಿಲ್ಲ. ಇದನ್ನು ನಾನು ಯಾವತ್ತೂ ಯೋಚಿಸಿಲ್ಲ, ಊರಿಗೆ ಹೋಗಿ ನೋಡುತ್ತೇನೆ ಎಂದರು. ಎರಡು ಚುಕ್ಕಿಯ ಆ ಹಣ್ಣನ್ನು ಮುನಿಯಕ್ಕ ತಿನ್ನಲು ಬಿಡದೆ ಕಿಟಕಿಯಲ್ಲಿಟ್ಟರು.

ನನ್ನ ದಿನದ ಹಾಳೆಯ ಕೆಲಸ ಹೀಗಿತ್ತು. ಮೇಜು, ನೆಲ, ಗೋಡೆ, ಅಂಟು ಸವರಿ ತೂಗುಹಾಕಿದ್ದ ಹಳದಿ ರಟ್ಟು, ಎಲ್ಲವನ್ನೂ ಭೂತಗನ್ನಡಿಯಲ್ಲಿ ನೋಡಿ, 'ಜೀವಂತ ಕೀಟ' ಎಂಬ ಅಂಕಣದ ಮುಂದೆ ಇದೆಯೋ ಇಲ್ಲವೋ ಬರೆದು ಸಹಿ ಹಾಕಬೇಕು. ಮೊದಲ ದಿನ ಅಭ್ಯಾಸಬಲದಿಂದ ಕನ್ನಡದಲ್ಲಿ 'ಇಲ್ಲ' ಎಂದು ಬರೆದುಬಿಟ್ಟೆ. ಹೊಡೆದುಹಾಕಲು ಹೋದರೆ ಇನೇಸ್ ಕೈ ಹಿಡಿದರು. ಇರಲಿ, ನಿಮ್ಮ ಅಕ್ಷರದಲ್ಲೇ ಇರಲಿ, ಪಕ್ಕದಲ್ಲಿ ಅದರ ಅರ್ಥ ನಾನು ಬರೆಯುತ್ತೇನೆ ಎಂದರು. ಸಂಜೆ ಐದಕ್ಕೆ ಆ ಹಾಳೆಯ ಚಿತ್ರ ಚಿಲಿಗೆ ಹೋಗುತ್ತಿತ್ತು. ನಮ್ಮ ಸಂಜೆ ಅವರ ಬೆಳಗು. ಅಲ್ಲಿ ಅವರ ಕಚೇರಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ದಿನದ ಮೊದಲ ಕೆಲಸವಾಗಿ ಅದನ್ನು ತೆಗೆದು ನೋಡುತ್ತಾರಂತೆ. ಎರಡು ವಾರ ಕಳೆದ ಮೇಲೆ ಇನೇಸ್ ಹೇಳಿದರು: "ಆಕೆಗೆ ಈಗ ನಿನ್ನ ಪದದ ಆಕಾರ ಗೊತ್ತಾಗಿದೆ. ನನ್ನ ಟಿಪ್ಪಣಿ ನೋಡುವುದೇ ಇಲ್ಲವಂತೆ."

ಅವತ್ತು ಸಂಜೆ ಬಸ್ಸಿನಲ್ಲಿ ಸಾಸಲಿನ ತನಕವೂ ಇದನ್ನೇ ಯೋಚಿಸಿದೆ. ಅಕ್ಷರ ಕಲಿಸಿದ ನಮ್ಮೂರ ಮೇಡಂ ಸ್ಲೇಟಿನ ಮೇಲೆ ಕೈ ಹಿಡಿದು ತಿದ್ದಿಸಿದ 'ಇ'ಯನ್ನು ಭೂಮಿಯ ಆ ಬದಿಯಲ್ಲಿ ಯಾರೋ ಬೆಳಗ್ಗೆ ಎದ್ದು ಗುರುತು ಹಿಡಿಯುತ್ತಾರೆ. ದೇಶ ದೇಶಗಳ ಸಂಬಂಧ ಎಂದರೆ ದೊಡ್ಡವರು ಕೈಕುಲುಕುವ ಫೋಟೋ ಎಂದುಕೊಂಡಿದ್ದವಳು ನಾನು. ಆ ಫೋಟೋದ ಕೆಳಗೆ ಎಲ್ಲೋ ನನ್ನ ಎರಡಕ್ಷರವೂ ಇದೆ ಎಂದು ತಿಳಿದಾಗ ನಿಜಕ್ಕೂ ಭಯವಾಯಿತು, ಹೆಮ್ಮೆಯೂ ಆಯಿತು.

ಹುಳದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟೇಕೆ ಎಂದು ಒಮ್ಮೆ ಕೇಳಿದ್ದೆ. ಇನೇಸ್ ಚಿಕ್ಕವರಿದ್ದಾಗ ಅವರಪ್ಪನ ಕಿತ್ತಳೆ ತೋಟಕ್ಕೆ ಎಲ್ಲಿಂದಲೋ ಒಂದು ಹುಳ ಬಂದು, ಅಷ್ಟೂ ಮರಗಳನ್ನು ಅವರಪ್ಪ ತಾವೇ ಕಡಿದು ಸುಟ್ಟಿದ್ದರಂತೆ. "ಪಿಳ್ಳಪ್ಪನ ತೋಟಕ್ಕೆ ಹೋದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ" ಎಂದು ಕನ್ನಡಕ ಒರೆಸಿಕೊಂಡರು.

ಹಣ್ಣು ಹೊರಡುವ ದಿನ ಗೊತ್ತಾಯಿತು: ವಿಜಯದಶಮಿಯ ಮಾರನೇ ದಿನ ಮಧ್ಯಾಹ್ನ. ಆಯುಧಪೂಜೆಯ ಬೆಳಗ್ಗೆಯೇ ನೂರು ಪೆಟ್ಟಿಗೆ ತುಂಬಿ ಮುಗಿಸಿದೆವು. ಇನೇಸ್ ಪ್ರತಿ ಹಣ್ಣಿನ ತೊಟ್ಟನ್ನೂ ನೋಡಿದ್ದರು, ಒಂದರಲ್ಲೂ ಏನೂ ಸಿಕ್ಕಿರಲಿಲ್ಲ. ಮಧ್ಯಾಹ್ನ ಪೂಜೆ. ನಾನು ಬಹಳ ಬಿಗಿಯಾಗಿದ್ದೆ. ಕಡ್ಲೆಪುರಿ ಒಳಗೆ ಬೇಡ, ಇರುವೆ ಬರುತ್ತದೆ. ಚೆಂಡುಹೂ ಬೇಡ, ಅದರಲ್ಲಿ ಹುಳ. ಬಾಳೆಕಂದು ಗೇಟಿಗೆ ಮಾತ್ರ. ಬೂದುಗುಂಬಳ ಒಡೆಯುವುದು ರಸ್ತೆಯಲ್ಲಿ. "ಆಯ್ತು ಬುಡವ್ವ, ನಾವೂ ಬರಂಗಿಲ್ಲ ಅನ್ನು ಅತ್ಲಾಗೆ" ಎಂದು ಮುನಿಯಕ್ಕ ರೇಗಿದರು. ಹೀಗೆ ಎಲ್ಲವನ್ನೂ ಬೇಡವೆಂದವಳು ತೋರಣವನ್ನು ಮಾತ್ರ ಬೇಡವೆನ್ನಲಿಲ್ಲ.

ಮಾವಿನ ಸೊಪ್ಪು ತಂದವರು ಪಿಳ್ಳಪ್ಪ, ತಮ್ಮ ತೋಟದ ಅಂಚಿನ ಮರದಿಂದ. ಪೋಣಿಸಿದವರು ಮುನಿಯಕ್ಕ. ಸ್ಟೂಲ್ ಹಿಡಿದುಕೊಂಡು, ಎಡಗಡೆ ಇನ್ನೊಂದು ಚೂರು ಮೇಲೆ, ಅಂತ ಹೇಳಿ ಒಳಬಾಗಿಲ ಮೇಲೆ, ಪ್ಯಾಕಿಂಗ್ ಮೇಜಿನ ಪಕ್ಕದಲ್ಲೇ ಕಟ್ಟಿಸಿದವಳು ನಾನು. ಇನೇಸ್ ಹಣೆಗೆ ಕುಂಕುಮ ಇಡಿಸಿಕೊಂಡು, ಅದರ ಕೆಳಗೆ ನಿಂತು ನಮ್ಮೆಲ್ಲರ ಜೊತೆ ಫೋಟೋ ತೆಗೆಸಿಕೊಂಡರು. ನನ್ನ ಕಣ್ಣಿಗೆ ಅದು ಎಲೆಯಾಗಿ ಕಾಣಲೇ ಇಲ್ಲ. ಬಾಗಿಲಿಗೆ ತೋರಣ ಇರುತ್ತದೆ, ಅಷ್ಟೆ, ಹುಟ್ಟಿದಾಗಿನಿಂದ ಇದೆ.

ದಶಮಿಯ ರಜೆ ಕಳೆದು ಬೆಳಗ್ಗೆ ಎಂಟಕ್ಕೆ ಬಾಗಿಲು ತೆಗೆದೆ. ತೋರಣದ ಎಲೆಗಳು ಮುರುಟಿಕೊಂಡಿದ್ದವು. ಕೆಳಗೆ ಸ್ಟೀಲಿನ ಮೇಜಿನ ಮೇಲೆ ಬಿಳಿಯದೇನೋ ಇತ್ತು. ಸುಣ್ಣ ಉದುರಿದೆ ಎಂದುಕೊಂಡೆ. ಸುಣ್ಣ ನಡೆಯಿತು. ಭೂತಗನ್ನಡಿ ಹಿಡಿದರೆ ಒಂದಲ್ಲ, ಎರಡು. ಎಲೆ ಒಣಗಿದರೆ ಹಿಟ್ಟುತಿಗಣೆ ಇಳಿದು ಬೇರೆ ಜಾಗ ಹುಡುಕುತ್ತದೆಂದು ನಾನೇ ಪರೀಕ್ಷೆಯಲ್ಲಿ ಬರೆದಿದ್ದೆ. ತಲೆಯೆತ್ತಿ ನೋಡಿದೆ. ಆಗ ಮೊದಲ ಸಲ ಅದು ಎಲೆಯಾಗಿ ಕಂಡಿತು.

ನಿಯಮ ಗೊತ್ತಿತ್ತು. ಕೋಣೆಯಲ್ಲಿ ಜೀವಂತ ಕೀಟ ಸಿಕ್ಕರೆ ಆ ಕೋಣೆಯಲ್ಲಿರುವ ಅಷ್ಟೂ ಹಣ್ಣು ತಿರಸ್ಕೃತ. ನೂರು ಪೆಟ್ಟಿಗೆಗಳೂ ಅಲ್ಲೇ ಇದ್ದವು.

ಮುನಿಯಕ್ಕ ಬಂದು ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು. ಪ್ರಕಾಶ್ ಓಡಿಬಂದರು. "ವೇಣಿ, ಇನೇಸಮ್ಮ ಬರೋದು ಒಂಬತ್ತಕ್ಕೆ, ಇನ್ನೂ ಟೈಮಿದೆ. ತೋರಣ ಕಿತ್ತಾಕಿ, ಮೇಜು ಒರ್ಸಿ. ಪೆಟ್ಟಿಗೆ ಎಲ್ಲಾ ಸೀಲ್ ಆಗಿದೆ, ಒಳಗೆ ಹೋಗಿರಲ್ಲ. ಎರಡು ಹುಳಕ್ಕೆ ಎರಡು ದೇಶದ ಕೆಲ್ಸ ಕೆಡಿಸ್ತೀರಾ?"

"ಒರೆಸ್ಬುಡವ್ವ" ಎಂದು ಮುನಿಯಕ್ಕ ಒದ್ದೆ ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು.

ನಾನು ಬಟ್ಟೆ ತೆಗೆದುಕೊಂಡೆ. ತೆಗೆದುಕೊಂಡೆ ಎಂಬುದನ್ನು ಈಗ ನಿಮ್ಮಿಂದ ಮುಚ್ಚಿಡಲಾರೆ. ಗಾಜಿನ ಆಚೆ ಗೇಟಿನಲ್ಲಿ ಪಿಳ್ಳಪ್ಪ ಹೊಸ ಬಿಳಿ ಪಂಚೆಯುಟ್ಟು, ತಮ್ಮ ಹಣ್ಣು ಲಾರಿ ಹತ್ತುವುದನ್ನು ನೋಡಲು ಬಂದು ನಿಂತಿದ್ದರು. ಅವರ ಮುಖ ನೋಡಿ ಕೈ ಮೇಜಿನ ಮೇಲಕ್ಕೆ ಹೋಯಿತು. ಅಷ್ಟರಲ್ಲಿ ಚಿಲಿಯ ಕಚೇರಿಯಲ್ಲಿ ನನ್ನ ಹಾಳೆ ನೋಡುವ ಆ ಹೆಂಗಸು ನೆನಪಾದರು. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ನನ್ನ ಪದದ ಆಕಾರ ಕಂಡರೆ ಸಾಕು, ಪಕ್ಕದ ಟಿಪ್ಪಣಿ ಕೂಡ ನೋಡುವುದಿಲ್ಲ. ನಾನು ಒರೆಸಿದರೆ ಜಗತ್ತಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಆದರೆ ಆಕೆ ನಂಬಿದ್ದು ಆ ಯಾರಿಗೂ ತಿಳಿಯದ ಜಾಗದಲ್ಲಿ ನಾನಿದ್ದೇನೆ ಎಂದು. ಇದು ತಲೆಗೆ ಬಂದ ಮೇಲೆ ಕೈ ಮುಂದಕ್ಕೆ ಹೋಗಲಿಲ್ಲ. ಬಟ್ಟೆ ಕೆಳಗಿಟ್ಟು, ಹಾಳೆ ಎಳೆದುಕೊಂಡು 'ಇದೆ' ಎಂದು ಬರೆದೆ. ಪ್ರಕಾಶ್ ಹೊರಗೆ ಹೋದರು.

ಇನೇಸ್ ಒಂಬತ್ತಕ್ಕೆ ಬಂದರು. ಹಾಳೆ ನೋಡಿದರು. ಬೇರೆ ಪದ ಎಂದು ಅವರಿಗೂ ಆಕಾರದಿಂದಲೇ ಗೊತ್ತಾಯಿತು. ಮೇಜು ನೋಡಿದರು, ತೋರಣ ನೋಡಿದರು, ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟರು. "ಇಪ್ಪತ್ತೈದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಾನು ಇದರ ಕೆಳಗೆ ನಿಂತು ನಕ್ಕೆ. ನನಗೂ ಎಲೆ ಕಾಣಲಿಲ್ಲ" ಎಂದರು. ವರದಿಯಲ್ಲಿ ಅದನ್ನೂ ಬರೆದರು, ಫೋಟೋ ಸಮೇತ.

ಪಿಳ್ಳಪ್ಪನಿಗೆ ಹೇಳಬೇಕಾದವಳು ನಾನೇ. ಹೊರಗೆ ಹೋಗಿ ಹೇಳಿದೆ.

"ನನ್ ಹಣ್ಣಾಗಿತ್ತಾ ಹುಳ?"

"ಇಲ್ಲ ಪಿಳ್ಳಪ್ಪಣ್ಣ. ತೋರಣದ ಸೊಪ್ಪಲ್ಲಿತ್ತು."

"ಆ ಸೊಪ್ಪು ತಂದೋನು ನಾನೇಯ. ನನ್ ಮರದ್ದೇ." ಪಂಚೆಯ ಅಂಚನ್ನು ಮುದುರಿಕೊಳ್ಳುತ್ತಾ ನಿಂತು, ಆಮೇಲೆ, "ಹಣ್ಣು ವೋಗ್ದಿದ್ರೆ ವೋಗ್ಲಿ. ಹುಳ ಹಣ್ಣಾಗಿರ್ಲಿಲ್ಲ, ಸೊಪ್ನಾಗಿತ್ತು ಅಂತ ಅವ್ರ್‌ಗೆ ಬರೀತೀಯೇನವ್ವಾ? ನಮ್ಮಪ್ಪನ್ ಮರ ಅವು" ಎಂದರು.

ಬರೆದೆ. ಕನ್ನಡದಲ್ಲೇ, ಹಾಳೆಯ ಕೆಳಗೆ, ಅವರು ಹೇಳಿದ ಹಾಗೆಯೇ. ಇನೇಸ್ ಅದರ ಕೆಳಗೆ ತಮ್ಮ ಭಾಷೆಯಲ್ಲಿ ಬರೆದರು. ಸಂಜೆ ಐದಕ್ಕೆ ಅದು ಹೋಯಿತು. ಆ ನೂರು ಪೆಟ್ಟಿಗೆ ದೇವನಹಳ್ಳಿ, ಅದರ ಪಕ್ಕದ ವಿಜಯಪುರದ ತಳ್ಳುಗಾಡಿಗಳಿಗೆ ಇಳಿಯಿತು. ಚಿಲಿಯ ದಾರಿ ಮುಚ್ಚಿತು. ಒಂದು ತಿಂಗಳು ಪ್ರಕಾಶ್ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ, ಅವರ ಮೇಲೆ ನನಗೆ ಸಿಟ್ಟೂ ಇರಲಿಲ್ಲ. ಹೊರಡುವ ದಿನ ಇನೇಸ್ ಮುನಿಯಕ್ಕನ ಕೈ ಹಿಡಿದು ಅತ್ತರು. ಕಿಟಕಿಯಲ್ಲಿದ್ದ ಎರಡು ಚುಕ್ಕಿಯ ಹಣ್ಣನ್ನು ಜೊತೆಗೆ ಒಯ್ಯಿರಿ ಎಂದು ಮುನಿಯಕ್ಕ ಕೊಡಲು ಹೋದರೆ, ಹಣ್ಣು ಒಯ್ಯುವಂತಿಲ್ಲ, ನಿಯಮ, ಎಂದು ಅತ್ತುಕೊಂಡೇ ಹೇಳಿದರು.

ಮುಂದಿನ ವರ್ಷ ಮುಂಗಾರಿಗೆ ಮುಂಚೆ ಒಂದು ಪತ್ರ ಬಂತು. ದೆಹಲಿಯ ಮೂಲಕ, ಅದೇ ಮರ್ಯಾದೆಯ ಭಾಷೆಯಲ್ಲಿ. ಪ್ರಕಾಶ್ ಓದಿದವರೇ ಪಿಳ್ಳಪ್ಪನಿಗೆ ಹೇಳಿಕಳಿಸಿ, ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ, ಪತ್ರವನ್ನು ನನ್ನ ಕೈಗೆ ಕೊಟ್ಟರು. ನೀವೇ ಕನ್ನಡದಲ್ಲಿ ಹೇಳಿ ಎಂದರು. ಚಕ್ಕೋತದ ಪರೀಕ್ಷೆಯನ್ನು ಇದೇ ಪ್ಯಾಕ್‌ಹೌಸಿನಿಂದ, ಇದೇ ತೋಟದ ಹಣ್ಣಿನಿಂದ ಮತ್ತೆ ಆರಂಭಿಸಬಹುದು ಎಂದಿತ್ತು. ಕಾರಣವನ್ನೂ ಬರೆದಿದ್ದರು. ಕಳೆದ ಸಾಲಿನ ಹಾಳೆಗಳಲ್ಲಿ ಒಂದು ದಿನ ಮಾತ್ರ ಬೇರೆ ಪದವಿದೆ. ಆ ಒಂದು ದಿನದ ಪದ ಇರುವುದರಿಂದ, ಉಳಿದ ದಿನಗಳ ಪದವನ್ನು ನಾವು ನಂಬುತ್ತೇವೆ.

"ಇನ್ನೊಂದ್ಕಿತ ಓದವ್ವ" ಎಂದರು ಪಿಳ್ಳಪ್ಪ. ಇನ್ನೊಮ್ಮೆ ಓದಿದೆ. ಮುನಿಯಕ್ಕ ಎದ್ದು ಬಂದು, ಹೋದ ದಸರೆಯಲ್ಲಿ ಒದ್ದೆ ಬಟ್ಟೆ ಕೊಟ್ಟ ಅದೇ ಕೈಯಿಂದ ನನ್ನ ಕೆನ್ನೆ ಸವರಿ ನೆಟಿಕೆ ಮುರಿದರು.

ಆ ವರ್ಷ ಆಯುಧಪೂಜೆ ರಸ್ತೆಯ ಆಚೆ ಬದಿಯ ಹುಣಸೆಮರದ ಕೆಳಗೆ ನಡೆಯಿತು. ಮುನಿಯಕ್ಕ ನನ್ನ ಭೂತಗನ್ನಡಿಯನ್ನೂ ಹಾಳೆಗಳ ಫೈಲನ್ನೂ ಹೊರಗೆ ತರಿಸಿ ಕುಂಕುಮ ಇಟ್ಟರು. ಎರಡು ದಿನ ಕಳೆದು ಹಣ್ಣು ಹೊರಟಿತು. ಲಾರಿ ಹೋದ ಮೇಲೆ ಪಿಳ್ಳಪ್ಪ ಮನೆಗೆ ಹೋಗಲಿಲ್ಲ. ಮಧ್ಯಾಹ್ನದಿಂದ ಸಂಜೆಯವರೆಗೆ ಗೇಟಿನ ಹತ್ತಿರ ನಿಂತು, ಮೇಲೆ ಹೋದ ಪ್ರತಿಯೊಂದು ವಿಮಾನಕ್ಕೂ ಕೈ ಮುಗಿಯುತ್ತಿದ್ದರು. ಮುಂಬಯಿಗೆ ಹೋಗುವುದಕ್ಕೂ, ಹೈದರಾಬಾದಿಗೆ ಹೋಗುವುದಕ್ಕೂ.

"ಯಾವುದ್ರಾಗೈತೆ ಅಂತ ಗೊತ್ತಿಲ್ವಲ್ಲವ್ವ" ಎಂದರು ನನ್ನನ್ನು ಕಂಡು. "ಎಲ್ಲಕ್ಕೂ ಮುಗುದ್ಬುಟ್ರೆ ಆಯ್ತು."

ಐದು ಗಂಟೆಗೆ ಹತ್ತು ನಿಮಿಷ ಇತ್ತು. ನಾನು ಒಳಗೆ ಹೋಗಿ ಖಾಲಿ ಮೇಜನ್ನು ಇನ್ನೊಮ್ಮೆ ಭೂತಗನ್ನಡಿಯಲ್ಲಿ ಅಂಚಿನಿಂದ ಅಂಚಿಗೆ ನೋಡಿದೆ. ಬಾಗಿಲ ಮೇಲೆಯೂ ನೋಡಿದೆ. ಆಮೇಲೆ ಹಾಳೆ ಎಳೆದುಕೊಂಡು, ಸ್ಲೇಟಿನ ಮೇಲೆ ಮೇಡಂ ತಿದ್ದಿಸಿದ್ದಷ್ಟೇ ದುಂಡಗೆ, 'ಇಲ್ಲ' ಎಂದು ಬರೆದೆ.